ನೆಗಡಿ ಬಂತೆಂದು ಮೂಗು ಕೊಯ್ಯಬೇಕೇ? ಡೀಸೆಲ್ ಗಾಡಿಯ ಮಸಿ ಫಿಲ್ಟರಿನ ಬಗ್ಗೆ ಎರಡು ಮಾತು



ಕಾಸರಗೋಡು, ಮಂಜೇಶ್ವರ ತಾಲೂಕುಗಳ ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿಯ ಕಾಲ ಮುಗಿದು ಬಹಳ ವರ್ಷಗಳಾದವು. ತೋಟದಿಂದ ಅಡಿಕೆ ಗೊನೆ ತರಲು, ತೆಂಗಿನಕಾಯಿಯನ್ನು ಬದಿಯಡ್ಕಕ್ಕೋ ಕುಂಬಳೆಗೋ ಉಪ್ಪಳಕ್ಕೋ ಸಾಗಿಸಲು, ಗೊಬ್ಬರದ ಚೀಲ ತರಲು, ಮಳೆ ಹಿಡಿಯುವ ಮೊದಲು ಮೈಲುತುತ್ತು ಮತ್ತು ಸುಣ್ಣ ಹೊತ್ತು ತರಲು ಸಣ್ಣ ಪಿಕಪ್ ಗಾಡಿಯೇ ಬೇಕು. ಇವುಗಳಲ್ಲಿ ಹೆಚ್ಚಿನವು ಡೀಸೆಲ್ ಗಾಡಿಗಳು. ಸಾಲ ಮಾಡಿ ಕೊಂಡ ಗಾಡಿ ವರ್ಷವಿಡೀ ಓಡಿದರೆ ಮಾತ್ರ ಕಂತು ಕಟ್ಟಲು ಸಾಧ್ಯ. ಹೀಗಿರುವಾಗ ಮುಂದಿನ ಫಲಕದಲ್ಲಿ ಒಂದು ಹಳದಿ ದೀಪ ಹತ್ತಿ, ಗಾಡಿ ಎಳೆಯದೆ ನಿಂತರೆ ಮನೆಯವರೆಲ್ಲರ ಎದೆ ಡವಗುಟ್ಟುವುದು ಸಹಜ.

ಈ ದೀಪಕ್ಕೆ ಹೆಚ್ಚಾಗಿ ಕಾರಣವಾಗುವುದು ಡಿ.ಪಿ.ಎಫ್. ಎಂದು ಕರೆಯುವ ಮಸಿ ಸೋಸುವ ಫಿಲ್ಟರ್. ಗಾಡಿಯನ್ನು ರಿಪೇರಿಗೆ ಒಯ್ದಾಗ ಕೆಲವು ಕಡೆ ಒಂದು ಸಲಹೆ ಕೇಳಿಬರುತ್ತದೆ: "ಆ ಫಿಲ್ಟರನ್ನೇ ತೆಗೆದುಬಿಡುವ. ಒಳಗಿನ ಕಂಪ್ಯೂಟರಿನಲ್ಲಿ ಸ್ವಲ್ಪ ಬದಲಾವಣೆ ಮಾಡಿದರೆ ದೀಪ ಹತ್ತುವುದಿಲ್ಲ. ಎಳೆತವೂ ಹೆಚ್ಚುತ್ತದೆ. ಹೊಗೆ ಪರೀಕ್ಷೆಯಲ್ಲಿಯೂ ಪಾಸಾಗುತ್ತದೆ, ಚಿಂತೆ ಬೇಡ." ಕಡಿಮೆ ಖರ್ಚಿನಲ್ಲಿ ದೊಡ್ಡ ತಲೆನೋವು ಮುಗಿಯಿತು ಎಂದು ಕೇಳುವವರಿಗೆ ಅನಿಸುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಏಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಏನಿದು ಫಿಲ್ಟರ್?

ನಮ್ಮ ದೇಶದಲ್ಲಿ 2020ರ ಎಪ್ರಿಲ್ 1ರಿಂದ ಮಾರಾಟವಾಗುವ ಹೊಸ ವಾಹನಗಳು ಬಿ.ಎಸ್.6 ಎಂಬ ಹೊಗೆಯ ನಿಯಮಕ್ಕೆ ಒಳಪಟ್ಟಿವೆ. 2016ರಲ್ಲಿ ಸರಕಾರವು ಬಿ.ಎಸ್.5ನ್ನು ಬಿಟ್ಟು ನೇರವಾಗಿ ಬಿ.ಎಸ್.6ಕ್ಕೆ ಹೋಗುವುದೆಂದು ತೀರ್ಮಾನಿಸಿತು. 2020ರ ಮಾರ್ಚ್ 31ರ ನಂತರ ಬಿ.ಎಸ್.4 ವಾಹನಗಳನ್ನು ಮಾರಬಾರದೆಂದು ಸುಪ್ರೀಂ ಕೋರ್ಟು 2018ರಲ್ಲಿ ಆದೇಶ ಕೊಟ್ಟಿತು. ಇದರೊಂದಿಗೆ ಡೀಸೆಲ್ ಕೂಡ ಬದಲಾಯಿತು. ಅದರಲ್ಲಿರುವ ಗಂಧಕದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 50ರಿಂದ 10 ಭಾಗಕ್ಕೆ ಇಳಿಯಿತು. ಹೊಸ ನಿಯಮದಂತೆ ಮಸಿಯನ್ನು ತಡೆಯಲು ಡೀಸೆಲ್ ಕಾರು, ಪಿಕಪ್ಪುಗಳ ಹೊಗೆ ಕೊಳವೆಯ ದಾರಿಯಲ್ಲಿ ಈ ಫಿಲ್ಟರ್ ಬಂದು ಕೂತಿತು. ಅದಕ್ಕಿಂತ ಹಿಂದಿನ ಬಹುಪಾಲು ಗಾಡಿಗಳಲ್ಲಿ ಇದು ಇಲ್ಲ.

ಇದರ ಒಳಗೆ ಜೇನು ಹುಟ್ಟಿನಂತೆ ಸಣ್ಣ ಸಣ್ಣ ಕೊಳವೆಗಳಿರುವ ಪಿಂಗಾಣಿಯಂತಹ ಒಂದು ಗಟ್ಟಿ ತುಂಡು ಇದೆ. ಒಂದು ಕೊಳವೆಯ ಈ ತುದಿ ಮುಚ್ಚಿದ್ದರೆ ಪಕ್ಕದ್ದರ ಆ ತುದಿ ಮುಚ್ಚಿರುತ್ತದೆ. ಆದುದರಿಂದ ಹೊಗೆಯು ನಡುವಿನ ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕವೇ ಹಾದುಹೋಗಬೇಕು. ಗಾಳಿ ಆಚೆ ಹೋಗುತ್ತದೆ, ಮಸಿ ಈಚೆ ಉಳಿಯುತ್ತದೆ. ಚೆನ್ನಾಗಿರುವ ಫಿಲ್ಟರ್ ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚು ಮಸಿಯನ್ನು ಹಿಡಿದಿಡುತ್ತದೆ.

ಹಿಡಿದ ಮಸಿ ತುಂಬುತ್ತಾ ಹೋದರೆ ದಾರಿ ಕಟ್ಟುತ್ತದೆ. ಆದುದರಿಂದ ಆ ಮಸಿಯನ್ನು ಆಗಾಗ ಒಳಗೇ ಸುಟ್ಟುಹಾಕುವ ವ್ಯವಸ್ಥೆಯಿದೆ. ಗಾಡಿ ದೂರ ಓಡಿ ಹೊಗೆ ಚೆನ್ನಾಗಿ ಬಿಸಿಯಾದಾಗ ಸ್ವಲ್ಪ ಮಸಿ ತಾನಾಗಿಯೇ ಉರಿಯುತ್ತದೆ. ಅದು ಸಾಲದಿದ್ದರೆ ಇಂಜಿನ್ನಿನ ಕಂಪ್ಯೂಟರ್ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು ಫಿಲ್ಟರಿನ ಶಾಖವನ್ನು ಸುಮಾರು 600 ಡಿಗ್ರಿಗೆ ಏರಿಸಿ ಮಸಿಯನ್ನು ಸುಡುತ್ತದೆ. ಈ ಕೆಲಸ ಮುಗಿಯಲು ಸ್ವಲ್ಪ ಹೊತ್ತು ಬೇಕು. ನಡುವೆ ಗಾಡಿ ನಿಲ್ಲಿಸಿ ಕೀಲಿ ತೆಗೆದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ನಮ್ಮಲ್ಲಿಯೇ ಏಕೆ ಹೆಚ್ಚು ತೊಂದರೆ?

ಇಲ್ಲಿಯೇ ನಮ್ಮ ಕೃಷಿಕರ ಕಷ್ಟ ಆರಂಭವಾಗುವುದು. ನಮ್ಮ ಓಡಾಟವನ್ನೇ ನೋಡೋಣ. ಮನೆಯಿಂದ ತೋಟಕ್ಕೆ ಒಂದು ಕಿಲೋಮೀಟರು, ತೋಟದಿಂದ ಅಂಗಡಿಗೆ ಮೂರು ನಾಲ್ಕು ಕಿಲೋಮೀಟರು. ಏರು, ಇಳಿತ, ತಿರುವು. ಕಾಯಿ ತುಂಬಿಸುವಾಗ ಇಂಜಿನ್ ಚಾಲೂ ಇರುತ್ತದೆ. ಅಂಗಡಿಯಲ್ಲಿ ಪರಿಚಯದವರು ಸಿಕ್ಕಿದರೆ ಮಾತು ಮುಗಿಯುವವರೆಗೂ ಚಾಲೂ. ಬೆಳಗ್ಗೆ "ಬಿಸಿಯಾಗಲಿ" ಎಂದು ಅಂಗಳದಲ್ಲಿ ಹತ್ತು ನಿಮಿಷ ಚಾಲೂ. ಇಂತಹ ಓಟದಲ್ಲಿ ಮಸಿ ಹುಟ್ಟುತ್ತದೆಯೇ ಹೊರತು ಅದನ್ನು ಸುಡುವಷ್ಟು ಶಾಖ ಎಂದೂ ಹುಟ್ಟುವುದಿಲ್ಲ. ಫಿಲ್ಟರ್ ಕಟ್ಟುವುದರಲ್ಲಿ ಆಶ್ಚರ್ಯವೇನು?

ಬೇರೆ ಕಾರಣಗಳೂ ಇವೆ. ಇಂಜಿನ್ನಿಗೆ ಹೋಗುವ ಗಾಳಿಯ ಫಿಲ್ಟರಿನಲ್ಲಿ ಕೆಂಪು ಧೂಳು ತುಂಬಿದರೆ, ಡೀಸೆಲ್ ಚಿಮ್ಮುವ ಇಂಜೆಕ್ಟರ್ ಕೆಟ್ಟರೆ, ಟರ್ಬೋದ ಕೊಳವೆ ಸೀಳಿದರೆ ಮಸಿ ಮಿತಿ ಮೀರಿ ಹುಟ್ಟುತ್ತದೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ತಯಾರಕರು ಹೇಳದ ಆಯಿಲ್ ಹಾಕಿದರೆ ಅದರ ಬೂದಿ ಫಿಲ್ಟರಿನಲ್ಲಿ ಕೂರುತ್ತದೆ. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲು ಬರುವುದಿಲ್ಲ. ಕಲಬೆರಕೆ ಡೀಸೆಲ್ ಇನ್ನೊಂದು ಶತ್ರು. ಇವೆಲ್ಲ ಫಿಲ್ಟರಿನ ತಪ್ಪುಗಳಲ್ಲ. ಫಿಲ್ಟರ್ ನಮಗೆ ಬೇರೆಲ್ಲೋ ಇರುವ ರೋಗವನ್ನು ತೋರಿಸಿಕೊಡುತ್ತಿದೆ, ಅಷ್ಟೆ.

ಅಡಿಕೆಗೆ ಮದ್ದು ಬಿಡುವ ನಮಗೆ ಇದು ಅರ್ಥವಾಗದ ವಿಷಯವಲ್ಲ. ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಬಟ್ಟೆಯಲ್ಲಿ ಸೋಸಿಯೇ ಪಂಪಿಗೆ ಬಿಡುತ್ತೇವೆ. ಬಟ್ಟೆಯಲ್ಲಿ ಸುಣ್ಣದ ಗಸಿ ಕಟ್ಟಿತೆಂದು ಯಾರಾದರೂ ಬಟ್ಟೆಯನ್ನು ಹರಿದು ಬಿಸಾಡುತ್ತಾರೆಯೇ? ಕೊಡವಿ, ತೊಳೆದು, ಸುಣ್ಣ ಸರಿಯಿಲ್ಲವೆಂದಾದರೆ ಸುಣ್ಣವನ್ನು ಬದಲಾಯಿಸುತ್ತೇವೆ. ಗಾಡಿಯ ಫಿಲ್ಟರಿಗೂ ಇದೇ ನ್ಯಾಯ.

ತೆಗೆದರೆ ಆಗುವುದೇನು?

ಮೊದಲನೆಯದು ಕಾನೂನು. ತಯಾರಕರು ನಮೂದಿಸಿದ ರೂಪಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸಬಾರದೆಂದು ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಹೀಗೆ ಬದಲಾಯಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಹೊಗೆಯ ನಿಯಮ ಮೀರಿದರೆ 190ನೇ ಸೆಕ್ಷನ್ ಪ್ರಕಾರ 10,000 ರೂಪಾಯಿಯವರೆಗೆ ದಂಡ ಮತ್ತು ಮೂರು ತಿಂಗಳವರೆಗೆ ಸಜೆಗೆ ಅವಕಾಶವಿದೆ. ಸಲಹೆ ಕೊಟ್ಟವರು ಆ ದಿನ ನಮ್ಮ ಜತೆ ನಿಲ್ಲುವುದಿಲ್ಲ. ಕಂಪೆನಿಯ ವಾರಂಟಿಯೂ ಕೈಬಿಟ್ಟು ಹೋಗುತ್ತದೆ.

ಎರಡನೆಯದು ಆರೋಗ್ಯ. ನಮ್ಮ ಮಟ್ಟಿಗೆ ಇದೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1988ರಲ್ಲಿ ಡೀಸೆಲ್ ಹೊಗೆಯಿಂದ "ಬಹುಶಃ" ಕ್ಯಾನ್ಸರ್ ಬರಬಹುದು ಎಂದಿತ್ತು. 2012ರ ಜೂನ್‌ನಲ್ಲಿ ಆ "ಬಹುಶಃ" ಎಂಬ ಮಾತನ್ನು ತೆಗೆದುಹಾಕಿ, ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾಗಿ ಹೇಳಿ, ತಂಬಾಕು ಇರುವ ಪಟ್ಟಿಯಲ್ಲಿಯೇ ಅದನ್ನೂ ಸೇರಿಸಿತು. ಶ್ವಾಸಕೋಶದ ಕ್ಯಾನ್ಸರ್ ಅಲ್ಲದೆ ಉಬ್ಬಸ, ಹೃದಯದ ಕಾಯಿಲೆಗಳನ್ನೂ ಈ ಮಸಿ ಹೆಚ್ಚಿಸುತ್ತದೆ. ಇದರ ಕಣಗಳಲ್ಲಿ ಬಹುಪಾಲು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಸಣ್ಣವು. ಮೂಗಿನ ರೋಮ, ಗಂಟಲಿನ ಕಫ ಇವನ್ನು ತಡೆಯಲಾರವು. ಶ್ವಾಸಕೋಶದ ತುತ್ತತುದಿಯವರೆಗೆ ಹೋಗಿ ಕೂರುತ್ತವೆ.

ಈ ಗಾಳಿಯನ್ನು ಉಸಿರಾಡುವವರು ಯಾರು ಎಂದು ಯೋಚಿಸೋಣ. ಪೇಟೆಯ ಯಾರೋ ಅಪರಿಚಿತರಲ್ಲ. ಬೆಳಗ್ಗೆ ಗಾಡಿ ಚಾಲೂ ಮಾಡಿಟ್ಟ ಅಂಗಳದ ಚಾವಡಿಯಲ್ಲಿ ಕೂತ ಅಜ್ಜ, ಶಾಲೆಗೆ ಹೊರಟು ಗಾಡಿಯ ಹಿಂದೆಯೇ ನಿಂತ ಮಗು, ಕಾಯಿ ತುಂಬಿಸುವ ಕೆಲಸದಾಳು, ಅಂಗಳದಲ್ಲಿ ಅಡಿಕೆ ಒಣಹಾಕುವ ಮನೆಯ ಹೆಂಗಸರು. ಸಣ್ಣ ಮಕ್ಕಳ ಮೂಗು ಹೊಗೆ ಕೊಳವೆಗೆ ಹತ್ತಿರ. ಅವರು ದೊಡ್ಡವರಿಗಿಂತ ಬೇಗ ಬೇಗ ಉಸಿರಾಡುತ್ತಾರೆ. ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಏಳೆಂಟು ಗಾಡಿಗಳು ಒಟ್ಟಿಗೆ ಚಾಲೂ ಆಗಿ ನಿಲ್ಲುವುದನ್ನೂ ಈ ಲೆಕ್ಕಕ್ಕೆ ಸೇರಿಸಬೇಕು.

ಪರೀಕ್ಷೆಯಲ್ಲಿ ಪಾಸಾದರೆ ಸಾಕೇ?

"ಹೊಗೆ ಪರೀಕ್ಷೆಯಲ್ಲಿ ಪಾಸಾಗುತ್ತದಲ್ಲ" ಎಂಬ ಮಾತಿಗೆ ಈಗ ಬರೋಣ. ದುಃಖದ ಸಂಗತಿಯೆಂದರೆ ಈ ಮಾತು ಪೂರ್ತಿ ಸುಳ್ಳಲ್ಲ. ನಮ್ಮ ಪರೀಕ್ಷಾ ಕೇಂದ್ರಗಳಲ್ಲಿ ಗಾಡಿಯನ್ನು ನಿಲ್ಲಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಹೊಗೆಯು ಎಷ್ಟು ಬೆಳಕನ್ನು ತಡೆಯುತ್ತದೆ ಎಂದು ಯಂತ್ರದಿಂದ ಅಳೆಯುತ್ತಾರೆ. ಬಿ.ಎಸ್.4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗಳಿಗೆ ಈ ಅಳತೆ 2.45, ಬಿ.ಎಸ್.4 ಗಾಡಿಗಳಿಗೆ 1.62 ಮೀರಬಾರದು. ಬಿ.ಎಸ್.6 ಗಾಡಿಗಳಿಗೆ ಮಿತಿ ಇನ್ನೂ ಬಿಗಿ. ಆದರೆ ಈ ಯಂತ್ರ ನೋಡುವುದು ಕಣ್ಣಿಗೆ ಕಾಣುವಂತಹ ಹೊಗೆಯನ್ನು. ಇಂದಿನ ಇಂಜಿನ್ನುಗಳು ಡೀಸೆಲನ್ನು ಬಹಳ ಒತ್ತಡದಲ್ಲಿ ಮಂಜಿನಂತೆ ಚಿಮ್ಮಿಸುವುದರಿಂದ, ಫಿಲ್ಟರ್ ಇಲ್ಲದಿದ್ದರೂ ದಟ್ಟ ಕಪ್ಪು ಹೊಗೆ ಬಾರದೆ ಇರಬಹುದು. ಅತಿ ಸಣ್ಣ ಕಣಗಳು ಮಾತ್ರ ಕೋಟಿಗಟ್ಟಲೆ ಹೊರಬರುತ್ತಿರುತ್ತವೆ. ಯಂತ್ರಕ್ಕೆ ಅವು ಕಾಣುವುದಿಲ್ಲ. ಶ್ವಾಸಕೋಶಕ್ಕೆ ಗೊತ್ತಾಗುತ್ತದೆ.

ಈ ಸಮಸ್ಯೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಬ್ರಿಟನ್ನಿನಲ್ಲಿ ಫಿಲ್ಟರ್ ತೆಗೆದ ಗಾಡಿಗಳು ಹೊಗೆ ಪರೀಕ್ಷೆಯಲ್ಲಿ ಪಾಸಾಗುವುದನ್ನು ಕಂಡು, 2014ರ ಫೆಬ್ರವರಿಯಿಂದ ವಾರ್ಷಿಕ ತಪಾಸಣೆಯಲ್ಲಿ ಫಿಲ್ಟರ್ ಇದೆಯೇ ಎಂದು ನೋಡುವುದನ್ನು ಕಡ್ಡಾಯ ಮಾಡಿದರು. ಒಳಗಿನ ತುಂಡನ್ನು ತೆಗೆದು ಹೊರಗಿನ ಡಬ್ಬವನ್ನು ಮಾತ್ರ ಉಳಿಸುವ ಜಾಣರಿಗೆ ಅದೂ ಸಾಲಲಿಲ್ಲ. ಯುರೋಪಿನ ಕೆಲವು ದೇಶಗಳು ಈಗ ಕಣಗಳನ್ನೇ ಎಣಿಸುವ ಯಂತ್ರವನ್ನು ತಂದಿವೆ. ಬೆಲ್ಜಿಯಂ 2022ರ ಜುಲೈಯಿಂದ, ನೆದರ್‌ಲ್ಯಾಂಡ್ಸ್ 2023ರ ಜನವರಿಯಿಂದ, ಜರ್ಮನಿ 2023ರ ಜುಲೈಯಿಂದ ಇದನ್ನು ಆರಂಭಿಸಿದವು. ಜರ್ಮನಿಯಲ್ಲಿ ಒಂದು ಘನ ಸೆಂಟಿಮೀಟರ್ ಹೊಗೆಯಲ್ಲಿ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಕಣಗಳು ಸಿಕ್ಕಿದರೆ ಗಾಡಿ ಫೇಲ್. ಅಲ್ಲಿ ಡಬ್ಬದ ಕಪಟ ನಡೆಯುವುದಿಲ್ಲ.

ನಮ್ಮ ದೇಶದಲ್ಲಿಯೂ ಇಂತಹ ಪರೀಕ್ಷೆ ಬರಬೇಕು ಎಂಬುದು ನಮ್ಮ ಅಭಿಪ್ರಾಯ. ಕನಿಷ್ಠ ಪಕ್ಷ ಫಿಟ್‌ನೆಸ್ ತಪಾಸಣೆಯಲ್ಲಿ ಫಿಲ್ಟರ್ ಇದೆಯೇ, ಅದರ ದೀಪವನ್ನು ಕಡಿದಿದ್ದಾರೆಯೇ ಎಂದು ನೋಡಬೇಕು. ಗಾಡಿ ಮಾರುವವರೂ ಸತ್ಯ ಹೇಳಬೇಕು. ದಿನಕ್ಕೆ ಮೂರು ಕಿಲೋಮೀಟರು ಓಡಿಸುವ ಕೃಷಿಕನಿಗೆ ಮೈಲೇಜಿನ ಆಸೆ ಹುಟ್ಟಿಸಿ ಡೀಸೆಲ್ ಗಾಡಿ ಮಾರಿ, ಈ ಫಿಲ್ಟರಿನ ಬಗ್ಗೆ ಒಂದು ಮಾತೂ ಹೇಳದಿರುವುದು ನ್ಯಾಯವಲ್ಲ. ನಮ್ಮಂತಹ ಗಡಿನಾಡಿನವರಿಗೆ ಇನ್ನೊಂದು ತೊಡಕಿದೆ: ಗಾಡಿಯ ಪುಸ್ತಕ ಇಂಗ್ಲಿಷಿನಲ್ಲಿ, ಕಚೇರಿಯ ಸೂಚನೆ ಮಲಯಾಳದಲ್ಲಿ. ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ದೀಪ ಏನು ಹೇಳುತ್ತಿದೆ ಎಂದು ತಿಳಿಯುವುದು ಹೇಗೆ? ಮನೆಯ ಓದಿದ ಮಕ್ಕಳು ಒಂದು ಸಂಜೆ ಕೂತು ಆ ಪುಟಗಳನ್ನು ಅಪ್ಪನಿಗೆ ಓದಿ ಹೇಳಿದರೆ ದೊಡ್ಡ ಉಪಕಾರ.

ಕಾಣದ ಹಾನಿಯ ಪಾಠ

ಕಣ್ಣಿಗೆ ಕಾಣದ ಹಾನಿ ಎಂದರೇನು ಎಂದು ಕಾಸರಗೋಡಿನ ಜನರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಎಣ್ಮಕಜೆ ಮೊದಲಾದ ಪಂಚಾಯತುಗಳ ಗೇರು ತೋಟಗಳ ಮೇಲೆ 2000ದವರೆಗೆ ಎಂಡೋಸಲ್ಫಾನ್ ಆಕಾಶದಿಂದ ಸುರಿಯಿತು. ಅದನ್ನು ಸಿಂಪಡಿಸುತ್ತಿದ್ದಾಗಲೂ ಎಲ್ಲವೂ ನಿಯಮದಂತೆಯೇ ನಡೆಯುತ್ತಿದೆ ಎಂದು ಹೇಳಲಾಗುತ್ತಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯುವ ಹೊತ್ತಿಗೆ ಎಷ್ಟೋ ಮನೆಗಳ ಮಕ್ಕಳ ಬದುಕು ಕೈಮೀರಿತ್ತು. ಡೀಸೆಲ್ ಮಸಿಯನ್ನು ಆ ವಿಷಕ್ಕೆ ಸಮ ಎಂದು ನಾವು ಹೇಳುತ್ತಿಲ್ಲ. ಕಾಗದದಲ್ಲಿ ಎಲ್ಲ ಸರಿಯಿದ್ದರೆ ಗಾಳಿಯೂ ಸರಿಯಿದೆ ಎಂದು ನಂಬಬಾರದು ಎಂಬ ಪಾಠವನ್ನು ಮಾತ್ರ ನೆನಪಿಸುತ್ತಿದ್ದೇವೆ. ಅಂದು ಗಾಳಿಗೆ ವಿಷ ಬಿಟ್ಟವರು ಬೇರೆಯವರು. ಫಿಲ್ಟರ್ ತೆಗೆಸಿದರೆ ಬಿಡುವವರು ನಾವೇ ಆಗುತ್ತೇವೆ.

ತಪಾಸಣೆಗೆ ಮೊದಲು ಮಾಡಬೇಕಾದ್ದು

ಬಾಡಿಗೆಗೆ ಓಡುವ ಸರಕು ಗಾಡಿ ಹೊಸದಾಗಿದ್ದರೆ ಮೊದಲ ಎರಡು ವರ್ಷ ಫಿಟ್‌ನೆಸ್ ತಪಾಸಣೆ ಇಲ್ಲ. ಆಮೇಲೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿವರ್ಷ. ಸ್ವಂತ ಕಾರು, ಜೀಪುಗಳಿಗೆ 15 ವರ್ಷ ತುಂಬಿದಾಗ ನೋಂದಣಿ ನವೀಕರಣದ ಸಮಯದಲ್ಲಿ ತಪಾಸಣೆ. ಹೊಗೆಯ ಸರ್ಟಿಫಿಕೇಟ್ ಬೇರೆ. ಅದು ಎಲ್ಲ ಗಾಡಿಗಳಿಗೂ ಬೇಕು. ತಪಾಸಣೆಯ ಹಿಂದಿನ ದಿನ ಓಡಾಡಿದರೆ ಪ್ರಯೋಜನವಿಲ್ಲ. ಒಂದು ತಿಂಗಳು ಮೊದಲೇ ಈ ಕೆಳಗಿನ ವಿಷಯಗಳನ್ನು ಗಮನಿಸುವುದು ಒಳ್ಳೆಯದು.

1. ವಾರಕ್ಕೊಮ್ಮೆಯಾದರೂ ಗಾಡಿಯನ್ನು ರಾಷ್ಟ್ರೀಯ ಹೆದ್ದಾರಿ 66ರಂತಹ ರಸ್ತೆಯಲ್ಲಿ 20 ನಿಮಿಷ ಒಂದೇ ವೇಗದಲ್ಲಿ ಓಡಿಸಬೇಕು. ಇದಕ್ಕಾಗಿ ಡೀಸೆಲ್ ಸುಟ್ಟು ತಿರುಗಬೇಕಾಗಿಲ್ಲ. ವಾರದ ಸಾಮಾನನ್ನು ಒಟ್ಟು ಮಾಡಿ, ನೆರೆಮನೆಯವರ ಕಾಯಿಯನ್ನೂ ಸೇರಿಸಿಕೊಂಡು ಒಂದೇ ದೂರದ ಓಟ ಮಾಡಿದರೆ ಆಯಿತು.

2. ಫಿಲ್ಟರಿನ ಹಳದಿ ದೀಪ ಹತ್ತಿದರೆ ಅದನ್ನು ಅಲಕ್ಷಿಸಬಾರದು. ಪುಸ್ತಕದಲ್ಲಿ ಹೇಳಿದಂತೆ ಓಡಿಸಿ ಮಸಿ ಸುಡಲು ಬಿಡಬೇಕು. ದೀಪ ಮಿನುಗತೊಡಗಿದರೆ, ಅಥವಾ ಅದರೊಡನೆ ಇಂಜಿನ್ ದೀಪವೂ ಹತ್ತಿದರೆ ನೇರವಾಗಿ ಸರ್ವೀಸಿಗೆ ಕೊಂಡುಹೋಗಬೇಕು. ಆರಂಭದಲ್ಲಿ ಯಂತ್ರದ ಮೂಲಕ ಮಸಿ ಸುಡಿಸಿದರೆ ಮುಗಿಯುವ ಕೆಲಸ, ತಡಮಾಡಿದರೆ ಹತ್ತಾರು ಸಾವಿರದ ಹೊಸ ಫಿಲ್ಟರಿಗೆ ಬಂದು ಮುಟ್ಟುತ್ತದೆ.

3. ಮಸಿ ಸುಡುವಾಗ ಹೊಗೆ ಕೊಳವೆ ವಿಪರೀತ ಬಿಸಿಯಾಗುತ್ತದೆ. ಬೈಹುಲ್ಲು, ಒಣ ಸೋಗೆ, ತರಗೆಲೆಯ ಮೇಲೆ ಗಾಡಿ ನಿಲ್ಲಿಸಬಾರದು. ಮಕ್ಕಳನ್ನು ದೂರ ಇಡಬೇಕು.

4. ಆಯಿಲ್ ಕಡ್ಡಿಯನ್ನು ಆಗಾಗ ಎಳೆದು ನೋಡಬೇಕು. ಆಯಿಲ್ ಕಡಿಮೆಯಾದರೆ ಮಾತ್ರ ಚಿಂತೆ ಎಂದು ತಿಳಿಯಬಾರದು. ಮಸಿ ಸುಡುವ ಕೆಲಸ ಪದೇಪದೇ ಅರ್ಧಕ್ಕೆ ನಿಂತರೆ ಡೀಸೆಲ್ ಇಳಿದು ಆಯಿಲಿಗೆ ಸೇರಿ, ಮಟ್ಟ ಮೇಲೇರುತ್ತದೆ. ಅಂತಹ ತೆಳುವಾದ ಆಯಿಲಿನಲ್ಲಿ ಇಂಜಿನ್ ಸವೆಯುತ್ತದೆ. ಕೂಡಲೇ ಬದಲಾಯಿಸಬೇಕು. ಫಿಲ್ಟರ್ ಇರುವ ಗಾಡಿಗೆ ತಯಾರಕರು ಹೇಳಿದ, ಬೂದಿ ಕಡಿಮೆಯಿರುವ ಆಯಿಲನ್ನೇ ಹಾಕಬೇಕು.

5. ಗಾಳಿಯ ಫಿಲ್ಟರ್, ಇಂಜೆಕ್ಟರ್, ಟರ್ಬೋ ಕೊಳವೆಗಳನ್ನು ಪರೀಕ್ಷಿಸಬೇಕು. ಫಿಲ್ಟರ್ ಇಲ್ಲದ ಹಳೆಯ ಗಾಡಿಗಳು ಹೊಗೆ ಪರೀಕ್ಷೆಯಲ್ಲಿ ಫೇಲಾಗಲು ಹೆಚ್ಚಾಗಿ ಇವೇ ಕಾರಣ. ಪರೀಕ್ಷೆಗೆ ಹೋಗುವಾಗ ಇಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು.

6. ಗಾಡಿ ತೊಳೆಯುವ ಪಂಪಿನಿಂದ ನೀರು ಹಾಯಿಸಿ, ಆಸಿಡ್ ಸುರಿದು ಫಿಲ್ಟರ್ ತೊಳೆಯುವ ಸಾಹಸ ಬೇಡ. ಒಳಗಿನ ತುಂಡು ಒಡೆಯುತ್ತದೆ. ಬೂದಿ ತೆಗೆಯಲು ಬೇರೆಯೇ ಯಂತ್ರಗಳಿವೆ. ಆ ಕೆಲಸ ಬಲ್ಲವರಿಂದ ಮಾಡಿಸಬೇಕು.

7. ಕೆಲವು ಗಾಡಿಗಳಿಗೆ ಬೇರೆ ಟ್ಯಾಂಕಿಯಲ್ಲಿ ಡಿ.ಇ.ಎಫ್. ಎಂಬ ದ್ರವ ಹಾಕಬೇಕಾಗುತ್ತದೆ. ಅದು ಹೊಗೆಯ ಬೇರೊಂದು ಅನಿಲಕ್ಕೆ ಮದ್ದು, ಮಸಿಗಲ್ಲ. ಎರಡನ್ನೂ ಒಂದೇ ಎಂದು ತಿಳಿದು ಗೊಂದಲ ಮಾಡಿಕೊಳ್ಳಬಾರದು.

ಹೊಸ ಗಾಡಿ ಕೊಳ್ಳುವವರಿಗೆ ನಮ್ಮದೊಂದು ಕಿವಿಮಾತು. ದಿನದ ಓಟ ಹತ್ತು ಕಿಲೋಮೀಟರಿನೊಳಗೆ ಇದ್ದರೆ ಡೀಸೆಲ್ ಬೇಕೇ ಎಂದು ಎರಡು ಸಲ ಯೋಚಿಸಬೇಕು. ಪೆಟ್ರೋಲ್, ಸಿ.ಎನ್.ಜಿ., ವಿದ್ಯುತ್ತಿನ ಸಣ್ಣ ಸರಕು ಗಾಡಿಗಳು ಈಗ ಸಿಗುತ್ತವೆ. ಲೀಟರಿಗೆ ಎಷ್ಟು ಓಡುತ್ತದೆ ಎಂಬ ಲೆಕ್ಕದ ಜತೆಗೆ ಫಿಲ್ಟರಿನ ಖರ್ಚನ್ನೂ ಸೇರಿಸಿ ನೋಡಿದರೆ ಯಾವುದು ಲಾಭ ಎಂಬುದು ಬೇರೆಯೇ ಆಗಿ ಕಂಡೀತು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಫಿಲ್ಟರ್ ಇದೆಯೇ ಎಂದು ತಿಳಿದವರಿಂದ ಪರೀಕ್ಷಿಸಿಯೇ ಹಣ ಕೊಡಬೇಕು. ಬೇರೆಯವರು ಕೊಯ್ದ ಮೂಗಿಗೆ ನಾವು ದಂಡ ತೆರುವ ಹಾಗಾಗಬಾರದು.

ಈಗಾಗಲೇ ಫಿಲ್ಟರ್ ಕಟ್ಟಿ ಕಷ್ಟಪಡುತ್ತಿರುವವರನ್ನು ನಾವು ಹಳಿಯುತ್ತಿಲ್ಲ. ಅಡಿಕೆಗೆ ಕೊಳೆರೋಗ, ತೆಂಗಿಗೆ ಬೆಲೆಯ ಏರಿಳಿತ, ಅದರ ಮೇಲೆ ಗಾಡಿಯ ಖರ್ಚು; ಕೃಷಿಕನ ಜೇಬಿನ ಸ್ಥಿತಿ ನಮಗೆ ತಿಳಿಯದ್ದಲ್ಲ. ಆದರೂ ಇಂತಹ ಸಲಹೆ ಕೊಡುವವರಿಗೆ "ಸರಿಪಡಿಸಿ ಕೊಡಿ, ತೆಗೆಯುವುದು ಬೇಡ" ಎಂದು ಹೇಳುವ ಧೈರ್ಯ ನಮಗೆ ಬರಲಿ. ಸರ್ಟಿಫಿಕೇಟಿನ ಅವಧಿ ಆರು ತಿಂಗಳಿಗೋ ವರ್ಷಕ್ಕೋ ಮುಗಿಯುತ್ತದೆ, ಮತ್ತೆ ಹೊಸದು ಸಿಗುತ್ತದೆ. ಮನೆಯ ಮಕ್ಕಳಿಗೆ ಇರುವುದು ಒಂದೇ ಜತೆ ಶ್ವಾಸಕೋಶ.